ಅಂಚಿನ ಕುರ್ಚಿ

ನನ್ನ ಕೆಲಸ ಏನೆಂದು ಮನೆಯಲ್ಲಿ ಇಂದಿಗೂ ಯಾರಿಗೂ ಅರ್ಥವಾಗಿಲ್ಲ. ದೇಶ ದೇಶ ಸುತ್ತಿ, ನಮ್ಮ ರಂಗಮಂದಿರಕ್ಕೆ ಕರೆಸಬಹುದಾದ ನಾಟಕಗಳನ್ನು ಆರಿಸುವವನು ನಾನು. ಕಸುಬಿನವರು ನಮ್ಮನ್ನು ಸ್ಕೌಟ್ ಎನ್ನುತ್ತಾರೆ. ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಡೇರೆ ಹಾಕುವ ಕೆಲಸವೆಂದು ನಮ್ಮತ್ತೆ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈ ಅಂತರರಾಷ್ಟ್ರೀಯ ನಾಟಕೋತ್ಸವಕ್ಕೆ ಬಂದಮೇಲೆ, ಡೇರೆ ಹಾಕಿಕೊಂಡಿದ್ದರೇ ಸುಖವಾಗಿರುತ್ತಿತ್ತು ಅನ್ನಿಸಿಬಿಟ್ಟಿದೆ. ಗೋದಾಮಿನಲ್ಲಿ ನಾಟಕ, ಬತ್ತಿದ ಈಜುಕೊಳದಲ್ಲಿ ನಾಟಕ, ಹೋಟೆಲಿನ ಲಿಫ್ಟಿನಲ್ಲೂ ನಾಟಕ. ಬೀದಿಗಿಳಿದರೆ ಮುಖಕ್ಕೆ ಬಣ್ಣ ಬಳಿದುಕೊಂಡವರು ಕೈಗೆ ಕರಪತ್ರ ತುರುಕುತ್ತಾರೆ. ಕೊರಳಲ್ಲಿ ನೇತಾಡುವ ಸ್ಕೌಟ್ ಬ್ಯಾಡ್ಜು ಕಂಡರಂತೂ ಮುಗಿಯಿತು, ಶೌಚಾಲಯದ ಬಾಗಿಲವರೆಗೂ ಬೆನ್ನು ಬಿಡುವುದಿಲ್ಲ.

ನಾವು ಯಾವ ನಾಟಕವನ್ನೂ ಪೂರ್ತಿ ನೋಡುವವರಲ್ಲ. ಸಾಲಿನ ಅಂಚಿನ ಕುರ್ಚಿ ಹಿಡಿದು, ಇಪ್ಪತ್ತು ನಿಮಿಷ ನೋಡಿ, ಬೆನ್ನು ಬಗ್ಗಿಸಿಕೊಂಡು ಹೊರಬಿದ್ದು ಮುಂದಿನದಕ್ಕೆ ಓಡುತ್ತೇವೆ. ಇದರ ಜೊತೆಗೆ ಇನ್ನೊಂದು ರೋಗವಿದೆ. ಒಬ್ಬ ಎದ್ದರೆ ಉಳಿದವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವನಿಗೆಲ್ಲೋ ಒಳ್ಳೆಯ ನಾಟಕದ ಸುಳಿವು ಸಿಕ್ಕಿದೆ, ನಮ್ಮ ಕೈತಪ್ಪುತ್ತದೆ ಎಂಬ ಭಯ.

ಈ ಸಲ ನನ್ನ ತಂಗಿಯ ತಂಡವೂ ಬಂದಿತ್ತು. ಎರಡೇ ಪ್ರದರ್ಶನ. ಯಾರಾದರೊಬ್ಬ ಸ್ಕೌಟ್ ಕರೆದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ. ನಾನೇ ಕರೆಯೋಣವೆಂದರೆ, ನೆಂಟರ ನಾಟಕ ಆರಿಸಬಾರದೆಂದು ನಮ್ಮ ರಂಗಮಂದಿರದ ನಿಯಮ.

"ನೀನೇನೂ ಮಾಡ್ಬೇಡ ಅಣ್ಣ. ಸುಮ್ನೆ ಬಂದು ನೋಡು, ಸಾಕು," ಎಂದಿದ್ದಳು ತಂಗಿ.

ಮೊದಲ ದಿನ ಪುಣ್ಯಕ್ಕೆ ಸ್ಕೌಟುಗಳ ದಂಡೇ ಬಂದಿತ್ತು. ನಾನು ಅಭ್ಯಾಸಬಲದಿಂದ ಅಂಚಿನಲ್ಲೇ ಕೂತೆ. ತಂಗಿ ರಂಗಕ್ಕೆ ಬಂದು ಇನ್ನೂ ನಾಲ್ಕು ಮಾತಾಡಿರಲಿಲ್ಲ, ಜೇಬಿನಲ್ಲಿ ಫೋನು ನಡುಗತೊಡಗಿತು. ನಮ್ಮ ರಂಗಮಂದಿರದ ಯಜಮಾನರು. ಎತ್ತದಿದ್ದರೆ ಬಿಡುವ ಪೈಕಿಯಲ್ಲ. ಬಗ್ಗಿಕೊಂಡು ಹೊರಗೆ ಬಂದೆ.

"ಏನ್ರೀ, ಒಳ್ಳೇದೇನಾದ್ರೂ ಸಿಕ್ತಾ?" ಎಂದರು. ಇದನ್ನು ಕೇಳಲು ಇಡೀ ದಿನದಲ್ಲಿ ಅವರಿಗೆ ಬೇರೆ ಹೊತ್ತೇ ಇರಲಿಲ್ಲವೆ!

ಫೋನಿಟ್ಟು ತಿರುಗಿದರೆ, ಓಣಿಯ ತುಂಬ ಸ್ಕೌಟುಗಳು. ಒಬ್ಬರೂ ಒಳಗುಳಿದಿರಲಿಲ್ಲ.

"ಎಲ್ಲಿಗೆ? ಯಾವ ನಾಟಕ?" ಎಂದ ಬೋಳುತಲೆಯ ಸ್ಕೌಟ್, ಏದುಸಿರು ಬಿಡುತ್ತ.

"ಫೋನು ಕಣಯ್ಯಾ, ಫೋನು ಬಂದಿತ್ತು! ಹೋಗಿ ಒಳಗೆ, ಎಲ್ಲರೂ!"

"ಒಂದ್ಸಲ ಹೊರಗೆ ಬಂದ್ರೆ ಮತ್ತೆ ಬಿಡಲ್ಲ ಸಾರ್," ಎಂದಳು ಬಾಗಿಲು ಕಾಯುವವಳು. ಅಂಗಲಾಚಿದೆ, ರೇಗಿದೆ. ಅವಳು ಜಗ್ಗಲಿಲ್ಲ.

ನಾಟಕ ಮುಗಿದಮೇಲೆ ತಂಗಿ ಬಣ್ಣ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಲೇ ಇಲ್ಲ. "ಬೇರೆಯವರು ಮೊದಲು ಎದ್ದಿದ್ರೆ ಸಹಿಸ್ಕೋತಿದ್ದೆ," ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಮರುದಿನ ಫೋನನ್ನು ಕೋಣೆಯಲ್ಲೇ ಬಿಟ್ಟೆ. ಹತ್ತು ಜನರ ಕಾಲು ತುಳಿದು, ಬೈಸಿಕೊಂಡು, ಸಾಲಿನ ನಟ್ಟನಡುವೆ ಹೋಗಿ ಕೂತೆ. ಅಂದು ಆತುರದ ಪ್ರಾಣಿಗಳಾದ ಸ್ಕೌಟುಗಳಲ್ಲಿ ಇಬ್ಬರೇ ಬಂದಿದ್ದರು, ಬೋಳುತಲೆಯವನು ಮತ್ತು ಒಬ್ಬ ಎತ್ತರದ ಹೆಂಗಸು. ಸ್ಕೌಟ್ ಆದವನು ನಡುವೆ ಕೂತದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರೂ ನುಗ್ಗಿ ಬಂದು ನನ್ನ ಎಡಬಲಕ್ಕೆ ಕೂತರು.

ಇನ್ನು ಇವರನ್ನು ಎದ್ದು ಹೋಗಲು ಬಿಟ್ಟರೆ ಕೇಳಿ! ಆ ಹೆಂಗಸು ಚೀಲಕ್ಕೆ ಕೈ ಹಾಕಿದರೆ ನಾನು ಗಂಟಲು ಸರಿಮಾಡಿದೆ. ಬೋಳುತಲೆಯವನ ಮೊಣಕಾಲು ಕುಣಿಯತೊಡಗಿದಾಗ ಅವನ ತೋಳಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಕೊನೆಕೊನೆಗೆ ಅವನು ಗಡಿಯಾರ ನೋಡಿದ. ರಂಗದ ಮೇಲೆ ಯಾರೋ ಏನೋ ಕೂಗಿದ್ದು ಕೇಳಿಸಿತು, ಈ ಗದ್ದಲಕ್ಕೆ ಎದ್ದೇಬಿಡುತ್ತಾನೆಂದು ಅವನನ್ನೇ ದುರುಗುಟ್ಟಿ ನೋಡಿದೆ. ನಾಟಕ ಮುಗಿದಾಗ ಇಬ್ಬರೂ ಎದ್ದರು, ಆದರೆ ಚಪ್ಪಾಳೆ ಹೊಡೆಯಲು. ಆಮೇಲೆ ತಂಡವನ್ನು ಮೊದಲು ಯಾರು ಕರೆಸಬೇಕೆಂದು ಇಬ್ಬರೂ ಕಚ್ಚಾಡತೊಡಗಿದರು. ನಾನು ಗೆದ್ದೆನೆಂದುಕೊಂಡೆ.

ತಂಗಿ ಬಣ್ಣ ಒರೆಸದೆಯೇ ಓಡಿ ಬಂದು ನನ್ನ ಕೈ ಹಿಡಿದಳು.

"ಬೇಜಾರಾಗ್ಲಿಲ್ಲ ತಾನೆ, ಅಣ್ಣ? ನಿನ್ನ ಕೇಳ್ದೆ ಅಪ್ಪನ್ನ ನಾಟಕಕ್ಕೆ ತಂದ್ಬಿಟ್ಟೆ."

ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

"ಕೊನೇಲಿ. ತಲೆ ಮೇಲೇ ಕನ್ನಡಕ ಇಟ್ಕೊಂಡು ಮನೆಯೆಲ್ಲ ಹುಡುಕ್ತಾ, 'ಏ ದೊಡ್ಡೋನೇ' ಅಂತ ನಿನ್ನ ಕೂಗ್ತಿದ್ರಲ್ಲ. ಹಾಗೇ ಕೂಗ್ದೆ. ನೀನು ಆ ಕಡೆ ತಿರುಗ್ಬಿಟ್ಟೆ. ಅಳು ಬಂತೇನೋ ಅಂದ್ಕೊಂಡೆ."

"ಹೌದು," ಎಂದೆ. "ಅಳು ಬಂತು."

ಅಷ್ಟರಲ್ಲಿ ಬೋಳುತಲೆಯವನು ಬಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟ. "ಆ ಅಪ್ಪನ ದೃಶ್ಯ ಇದೆಯಲ್ಲ, ಅದಕ್ಕೇ ಕಣಯ್ಯಾ ನಾನು ಕರೆಸ್ತಿರೋದು. ಏನು ಮುದುಕ, ಅಬ್ಬಾ!"

ಗಡಿಯಾರ ನೋಡುತ್ತಿದ್ದ ಆ ಹಾಳಾದವನೂ ಅಪ್ಪನನ್ನು ನೋಡಿದ್ದ. ಅಪ್ಪ ಕರೆಯುತ್ತಿದ್ದಾಗ ನಾನು ಅವನ ಮುಖ ನೋಡುತ್ತಿದ್ದೆ.