ದೇವರು ಕೊಟ್ಟ ರಜೆ

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ರಾಮಲಿಂಗಯ್ಯನ ಕಾರ್ಖಾನೆಯಲ್ಲಿ ಕುದಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಕೂತು ಹೆಂಗಸರು ಗೂಡಿನಿಂದ ರೇಷ್ಮೆ ಎಳೆ ತೆಗೆಯುತ್ತಿದ್ದರು. ಅವರಲ್ಲಿ ಕೆಂಪಾಜಮ್ಮನ ಕೈ ಪಳಗಿದ ಕೈ. ಈಗ ಪಕ್ಕದ ತೊಟ್ಟಿಯಲ್ಲಿ ಅವಳ ಸೊಸೆ ಚಿಕ್ಕತಾಯಮ್ಮ, ತುಂಬಿದ ಬಸುರಿ.

ಕೆಂಪಾಜಮ್ಮನಿಗೆ ಈ ಬಸಿರಿನ ಸಂತೋಷದ ಜೊತೆಗೇ ಒಂದು ಹಳೆಯ ಭಯ. ಹಿಂದೆ ತಾನು ಹೆತ್ತು ಬಂದಾಗ ತನ್ನ ತೊಟ್ಟಿಯಲ್ಲಿ ಬೇರೆಯವಳು ಕೂತಿದ್ದಳು. ಮತ್ತೆ ಸತ್ತ ಹುಳು ಬಳಿಯುವ ಕೆಲಸದಿಂದ ಶುರು ಮಾಡಬೇಕಾಯಿತು. ಹಾಲು ತುಂಬಿ ಎದೆ ಕಲ್ಲಾಗಿ, ಹುಳು ಬಳಿಯುತ್ತಾ ಅತ್ತದ್ದನ್ನು ಅವಳು ಮರೆತಿರಲಿಲ್ಲ. ಸೊಸೆಗೆ ಹಾಗಾಗಕೂಡದು ಎಂದು ಹಟ ತೊಟ್ಟಿದ್ದಳು.

ಕೊಯಮತ್ತೂರಿನಿಂದ ಬಂದಿದ್ದ ಕಾರ್ಖಾನೆ ಇನ್‌ಸ್ಪೆಕ್ಟರು, ಹೆರಿಗೆಗೆ ರಜೆ ಉಂಟು, ರಜೆಗೆ ಕೂಲಿಯೂ ಉಂಟು, ಅದು ಸರ್ಕಾರದ ಕಾನೂನು ಎಂದು ಎಲ್ಲರೆದುರಿಗೂ ಹೇಳಿ ಹೋಗಿದ್ದರು. ಅವರಿದ್ದಷ್ಟು ಹೊತ್ತು ರಾಮಲಿಂಗಯ್ಯ ಹೂಂ ಅಂದಿದ್ದೇ ಅಂದಿದ್ದು. ಅವರ ಜೀಪು ಬೀದಿ ದಾಟಿದ ಮೇಲೆ ಕೆಂಪಾಜಮ್ಮ ಸೊಸೆಯ ಮಾತೆತ್ತಿದಳು. ಸಾವುಕಾರ ನಕ್ಕ.

"ನೋಡು ಕೆಂಪಾಜಿ, ಮದುವೆ ಸೀರೆಗೆ ಓಗೋ ರೇಷ್ಮೆ ಇದು. ಪುರುಡು ಇರೋರು ಯಾರೂ ಈ ಬಾಗಿಲು ದಾಟಂಗಿಲ್ಲ. ಈ ರಜೆ ನಾನು ಕೊಡೋದಲ್ಲ, ದೇವ್ರು ಕೊಡೋದು. ದೇವ್ರು ಕೊಟ್ಟ ರಜೆಗೆ ನನ್ನ ಕೂಲಿ ಕೇಳ್ತಾರಾ?"

ಹೆಂಗಸರೆಲ್ಲ ಕೇಳಿಸಿಕೊಂಡರು. ತಲೆ ತಗ್ಗಿಸಿ ಮತ್ತೆ ಎಳೆ ಹಿಡಿದರು. ಕೆಂಪಾಜಮ್ಮ ಮಾತ್ರ ಆ ಮಾತನ್ನು ನಾಲ್ಕಾರು ಸಲ ಮನಸ್ಸಿನಲ್ಲೇ ಮೆಲುಕು ಹಾಕಿ, ಆಗಲಿ ಎಂದುಕೊಂಡಳು.

ಚಿಕ್ಕತಾಯಮ್ಮನಿಗೆ ಹೆಣ್ಣು ಮಗುವಾಯಿತು. ಮಗುವಿಗೆ ನೀರು ಹಾಕಿದ್ದೇ ತಡ, ಕೆಂಪಾಜಮ್ಮ ಪದ್ಧತಿಯಂತೆ ದಾಯಾದಿಗಳ ಮನೆಮನೆಗೂ ಸುದ್ದಿ ಕಳಿಸಿದಳು. ಒಬ್ಬಳು ಹೆತ್ತರೆ ಪುರುಡಿನ ಮೈಲಿಗೆ ಅವಳೊಬ್ಬಳಿಗಲ್ಲ, ಕುಲದ ದಾಯಾದಿಗಳಿಗೆಲ್ಲ ಬರುತ್ತದೆ. ಕಾರ್ಖಾನೆಯ ಹೆಂಗಸರಲ್ಲಿ ಮುಕ್ಕಾಲು ಪಾಲು ಒಂದೇ ನೇಕಾರರ ಕುಲಕ್ಕೆ ಸೊಸೆಯರಾಗಿ ಬಂದವರು. ಮರುದಿನ ಬೆಳಿಗ್ಗೆ ಅವರಲ್ಲಿ ಒಬ್ಬರೂ ಕೆಲಸಕ್ಕೆ ಹೋಗಲಿಲ್ಲ. ದಾಟಬಾರದೆಂದು ಸಾವುಕಾರನೇ ಹೇಳಿದ ಬಾಗಿಲನ್ನು ದಾಟುವುದುಂಟೇ?

ಇದಕ್ಕಿಂತ ದೊಡ್ಡ ತಮಾಷೆ ಸಾವುಕಾರನ ಮನೆಯಲ್ಲೇ ನಡೆಯಿತು. ದುಡ್ಡು ಬಂದ ಮೇಲೆ ರಾಮಲಿಂಗಯ್ಯ ಮರೆತಿದ್ದನೇ ಹೊರತು, ಅವನೂ ಕೆಂಪಾಜಮ್ಮನ ಗಂಡನ ದಾಯಾದಿಯೇ. ಅವನ ತಾಯಿ ಸರಸ್ವತಮ್ಮ ಮರೆತಿರಲಿಲ್ಲ. ಮಡಿ ಮೈಲಿಗೆಯಲ್ಲಿ ಆಕೆ ಕೂದಲೆಳೆಯಷ್ಟೂ ಬಿಟ್ಟುಕೊಡುವವಳಲ್ಲ. ಪುರುಡು ಕಳೆಯುವ ತನಕ ರೇಷ್ಮೆ ಮುಟ್ಟಕೂಡದು, ಕಾರ್ಖಾನೆಯ ಹೊಸಿಲು ತುಳಿಯಕೂಡದು ಎಂದು ಮಗನನ್ನು ಜಗುಲಿಯ ಮೇಲೆ ಕೂರಿಸಿಬಿಟ್ಟಳು. ಮಾಡಿದ್ದುಣ್ಣೋ ಮಹರಾಯ!

ಅತ್ತ ಹೊಸ ಗೂಡು ರಾಶಿ ಬಿದ್ದಿತ್ತು. ಬೇಗ ಬೇಯಿಸದಿದ್ದರೆ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ಆಮೇಲೆ ಎಳೆ ಸಿಕ್ಕುವುದಿಲ್ಲ. ಹೊಸಬರನ್ನು ಕೂರಿಸೋಣವೆಂದರೆ ಎಳೆ ಹಿಡಿಯುವುದು ಒಂದೆರಡು ದಿನದ ವಿದ್ಯೆಯಲ್ಲ. ಮದುವೆ ಸೀರೆ ನೇಯಬೇಕಿದ್ದ ದೇವಣ್ಣ ನೂಲಿಗಾಗಿ ಬಂದು ಜಗುಲಿಯಲ್ಲೇ ಬೈದು ಹೋದ. ರಾಮಲಿಂಗಯ್ಯ ತಡೆಯಲಾರದೆ ಕೆಂಪಾಜಮ್ಮನ ಮನೆಬಾಗಿಲಿಗೆ ಬಂದ. ಎಂದೂ ಬಾರದ ಮಾತು ಅವತ್ತು ಅವನ ಬಾಯಿಗೆ ಬಂತು.

"ಅತ್ತಿಗೆ, ಎಲ್ಲರನ್ನೂ ಕೆಲ್ಸಕ್ಕೆ ಕರ್ಕಂಡು ಬಾ. ಪುರುಡು ಅನ್ನೋದು ದೇವ್ರ ಮನೆಗೆ, ಕಾರ್ಖಾನೆಗಲ್ಲ."

ಕೆಂಪಾಜಮ್ಮ ಅವಸರ ಮಾಡಲಿಲ್ಲ. ಒಳಗೆ ಮಗು ಅಳುತ್ತಿತ್ತು. ಅದು ಸುಮ್ಮನಾಗಲೆಂದು ಕಾದಳು.

"ಅಂಗಾರೆ ಚಿಕ್ಕತಾಯಿ ಮನೇಲಿರೋದು ದೇವ್ರು ಕೊಟ್ಟ ರಜೆ ಅಲ್ಲ ಅಂತಾಯ್ತು."

"ಅಲ್ಲ."

"ಮತ್ಯಾರು ಕೊಟ್ಟಿದ್ದು?"

ರಾಮಲಿಂಗಯ್ಯ ಬೀದಿ ನೋಡಿದ. ದಾಯಾದಿ ಹೆಂಗಸರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಗೂಡಿನ ರಾಶಿ ಕಣ್ಣ ಮುಂದೆ ಬಂದಿರಬೇಕು. "ನಾನೇ," ಅಂದ.

"ನೀವು ಕೊಟ್ಟ ರಜೆಗೆ ನೀವೇ ಕೂಲಿ ಕೊಡಬೇಕು ಸಾವ್ಕಾರ್ರೇ. ಇದನ್ನ ನನ್ನ ಬಾಗಿಲಲ್ಲಿ ಹೇಳಿದ್ರೆ ಸಾಲ್ದು. ಅವತ್ತು ಎಲ್ಲಿ ನಿಂತು ಹೇಳಿದ್ರೋ ಅಲ್ಲೇ ನಿಂತು ಹೇಳಿ."

ಹೇಳಿದ. ಹೆರಿಗೆಗೆ ರಜೆ, ರಜೆಗೆ ಕೂಲಿ, ಬಂದ ಮೇಲೆ ಅವರವರ ತೊಟ್ಟಿ ಅವರವರಿಗೇ. ತಾಯಿ ಸರಸ್ವತಮ್ಮ ಹೊಸಿಲು ದಾಟಲು ಬಿಡದ ಕಾರಣ ಬಾಗಿಲ ಹೊರಗೆ ನಿಂತೇ, ಅವನ ಮಾತಿನಂತೆ ಬಾಗಿಲು ದಾಟಿ ಒಳಗೆ ಹೋಗಿದ್ದ ಹೆಂಗಸರಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ತೊಟ್ಟಿಗಳಿಂದ ಮತ್ತೆ ಹಬೆ ಎದ್ದಿತು. ಗೂಡು ಹಾಳಾಗಲಿಲ್ಲ, ದೇವಣ್ಣನಿಗೆ ನೂಲೂ ಸಿಕ್ಕಿತು.

ಸಂಜೆ ಕೆಂಪಾಜಮ್ಮ ಕೈ ತೊಳೆದು ಬಾಣಂತಿ ಕೋಣೆಗೆ ಹೋದಳು. ಸೊಸೆ ದಡಬಡಿಸಿ ಎದ್ದು, ನಾಳೆಯಿಂದಲೇ ಬರುತ್ತೇನೆ, ಜಾಗ ಹೋದೀತು ಎಂದು ಗೋಗರೆದಳು.

"ಮಲಕ್ಕೋ," ಎಂದಳು ಕೆಂಪಾಜಮ್ಮ, ಅವಳ ಮೈಮೇಲೆ ಕಂಬಳಿ ಎಳೆಯುತ್ತಾ. "ನಿನ್ನ ಜಾಗದಲ್ಲಿ ಯಾರೂ ಕೂರಲ್ಲ. ಮಗೀಗೆ ಹಾಲು ಕೊಡು."

 ತನ್ನ ಬಾಣಂತನದಲ್ಲಿ ಕೆಂಪಾಜಮ್ಮನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.