ಚನ್ನವ್ವ ಅಂದ ‘ಹೋ’

ಉಗಾರ ಬುದ್ರುಕದ ಚನ್ನವ್ವನ ಮನೆಯಲ್ಲಿ ಈಚೆಗೆ ಕೋಳಿಗಿಂತ ಮೊದಲು ಫೋನೇ ಕೂಗುತ್ತದೆ. ರೊಟ್ಟಿ ಬಡಿಯಲು ಕೂತರೆ ಒಂದು ಸಲ, ಎಮ್ಮೆ ಹಿಂಡಲು ಕೂತರೆ ಇನ್ನೊಂದು ಸಲ. ಒಬ್ಬಳು ಸಾಲ ಬೇಕೇ ಎನ್ನುತ್ತಾಳೆ, ಒಬ್ಬ ಪುಣೆಯಲ್ಲಿ ಪ್ಲಾಟು ಕೊಳ್ಳಿ ಎನ್ನುತ್ತಾನೆ. ಫೋನಿನ ಬಟನ್ನುಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿದೆ. ಹಾಗಂತ ಎತ್ತದೆ ಬಿಡುವಂತೆಯೂ ಇಲ್ಲ. ಗಂಡ ಮುರಗೆಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ನಿನ ದಿನವನ್ನು ಫೋನಿನಲ್ಲೇ ತಿಳಿಸುತ್ತೇವೆ ಎಂದು ಮಿರಜದ ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ.

ಅಂಥದರಲ್ಲಿ ಗುರುವಾರ ಮಧ್ಯಾಹ್ನ ಒಬ್ಬಾತ ನೀರು ಶುದ್ಧ ಮಾಡುವ ಮಷಿನ್ನಿನ ಪೆಟ್ಟಿಗೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿಯೇಬಿಟ್ಟ. ಫೋನಿನಲ್ಲಿ ನೀವೇ ಮೂರು ಸಲ ಒಪ್ಪಿದ್ದೀರಿ ಎಂದು ಮರಾಠಿಯಲ್ಲಿ ಹೇಳಿದ. ಚನ್ನವ್ವ ಕಕ್ಕಾಬಿಕ್ಕಿಯಾದಳು.

“ನೀನ ತರಾಕ ಹೇಳೀಯೇನ?” ಎಂದ ಮುರಗೆಪ್ಪ.

“ದೇವರಾಣಿ ಇಲ್ಲ. ಮಷಿನ್ ತಗೋರಿ ಅಂತ ಫೋನ್ ಮಾಡಿದಾಕೀನ ನಾ ಬೈದು ಇಟ್ಟೇನಿ.”

ಬಂದವನು ಗೊಣಗುತ್ತ ಪೆಟ್ಟಿಗೆ ಎತ್ತಿಕೊಂಡು ಹೋದ. ಆದರೆ ಚನ್ನವ್ವನ ತಲೆಯೊಳಗಿನ ಗೊಂದಲ ಹೋಗಲಿಲ್ಲ. ಬೈದದ್ದು ಒಪ್ಪಿಗೆ ಹೇಗಾಯಿತು? ತನಗೇ ಅರುಳುಮರುಳೋ, ಇಲ್ಲ ಈ ಫೋನೇ ತನ್ನ ದನಿಯಲ್ಲಿ ಮಾತಾಡುತ್ತದೋ? ಯೋಚಿಸಿ ಯೋಚಿಸಿ ಹೆದರಿಕೆಯಾಗಿ, ಫೋನನ್ನು ಬಂದ್ ಮಾಡಿ ಜೋಳದ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಳು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ ನೋಡಿ.

ಶನಿವಾರ ಆಶಾ ಕಾರ್ಯಕರ್ತೆ ಸಪನಾ ಬಿರಬಿರನೆ ಬಂದಳು. ಆಸ್ಪತ್ರೆಯ ಕಾರ್ಡಿನಲ್ಲಿ ಎರಡನೆಯ ನಂಬರು ಅವಳದಿತ್ತು.

“ಕಾಕು, ದವಾಖಾನಿಯವ್ರು ಎರಡ ದಿನದಿಂದ ನಿಮಗ ಫೋನ್ ಹಚ್ಚಾಕತ್ತಾರ. ಮನಿಯವ್ರ ಬಾಯಿಲೇ ಕೇಳಬೇಕಂತ. ಇವತ್ತ ಸಂಜಿ ತನಕ ಸಿಗಲಿಲ್ಲಂದ್ರ ಕಾಕಾನ ಪಾಳಿ ಬ್ಯಾರೇದವ್ರಿಗೆ ಕೊಡ್ತಾರ.”

ಚನ್ನವ್ವ ಜೋಳದ ಡಬ್ಬಿಯ ಕಡೆ ಓಡಿದಳು. ಆದರೂ ಡಬ್ಬಿಯ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ತಾನೊಂದು ಅಂದರೆ ಅವರಿಗೊಂದು ಕೇಳಿಸುತ್ತದೆ, ನಾಳೆ ಮತ್ತೆ ಯಾವ ಪೆಟ್ಟಿಗೆ ಬಂದು ಕೂರುತ್ತದೋ ಎಂದು ಮಷಿನ್ನಿನ ಕತೆ ಹೇಳಿ ಅಲವತ್ತುಕೊಂಡಳು. ಅವತ್ತು ಏನಂದಿರೋ ಹಾಗೆಯೇ ಅಂದು ತೋರಿಸಿ ಎಂದಳು ಸಪನಾ.

ಚನ್ನವ್ವ ಎದುರಿಗೆ ಯಾರೋ ನಿಂತವರಂತೆ ಕೈ ಬೀಸಿದಳು. “ಏನಂತೀನಿ? ಹೋ, ಹೋ, ಹೋ ಅಂದ್ನಿ.”

ಸಪನಾ ನಗು ತಡೆಯಲಾರದೆ ಕಟ್ಟೆಯ ಮೇಲೆ ಕೂತಳು. “ಕಾಕು, ನೀವು ‘ಹೋಗ’ ಅನ್ನೂದನ್ನ ಅರ್ಧಾ ನುಂಗೀರಿ. ಮರಾಠಿಯೊಳಗ ‘ಹೋ’ ಅಂದ್ರ ಹೌದು. ಆಕಿ ಮೂರ ಸಲ ಹೌದು ಅಂತ ಬರಕೊಂಡಾಳ.”

ಚನ್ನವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸಂತೆಯಲ್ಲಿ ದಿನಾ ಮರಾಠಿ ಆಡುವವಳೇ ಅವಳು. ಅವತ್ತು ಸಿಟ್ಟಿನ ಭರದಲ್ಲಿ ಮನೆಯ ಕನ್ನಡ ಹೊರಬಿದ್ದಿತ್ತು, ಅದೂ ಅರ್ಧ.

ಬೇಡದ ಕರೆ ಬಂದರೆ ಬೈಯುವುದೂ ಬೇಡ, ಹೂಂಗುಟ್ಟುವುದೂ ಬೇಡ ಎಂದು ಸಪನಾ ತಿಳಿಹೇಳಿದಳು. “ಬ್ಯಾಡ್ರಿ, ಮತ್ತ ಫೋನ್ ಮಾಡಬ್ಯಾಡ್ರಿ” ಎಂದು ಪೂರ್ತಿ ಹೇಳಬೇಕು. ಮರಾಠಿಯವರಾದರೆ “ನಕೋ”. ಅಷ್ಟಂದು ಇಟ್ಟುಬಿಡಬೇಕು. ಬ್ಯಾಂಕಿನ ನಂಬರು, ಆಧಾರ್, ಓಟಿಪಿ ಯಾರಿಗೂ ಕೊಡಕೂಡದು. ಇದೇ ಫೋನಿನಿಂದ 1909ಕ್ಕೆ ಕರೆ ಮಾಡಿ, ಮಾರಾಟದ ಕರೆ ಬೇಡವೆಂದು ನೋಂದಾಯಿಸಿದರೆ ಕೆಲವೇ ದಿನಗಳಲ್ಲಿ ಕಾಟ ಕಡಿಮೆಯಾಗುತ್ತದೆ. ಆಮೇಲೂ ಬಂದರೆ ಅಲ್ಲಿಯೇ ದೂರು ಕೊಡಬಹುದು.

ಡಬ್ಬಿಯಿಂದ ಎತ್ತಿ ಚಾಲೂ ಮಾಡಿದ್ದೇ ತಡ, ಫೋನು ಕೂಗಿತು. ಚನ್ನವ್ವ ಕೆಂಡ ಹಿಡಿದವಳಂತೆ ಅದನ್ನು ಸಪನಾಳ ಕೈಗೆ ದಾಟಿಸಿದಳು. ಸಪನಾ ಕಾರ್ಡಿನ ಮೇಲಿದ್ದ ನಂಬರಿಗೆ ಹೋಲಿಸಿ ನೋಡಿ, ಆಸ್ಪತ್ರೆಯದೇ ಎಂದು ಖಾತ್ರಿ ಮಾಡಿಕೊಂಡು ಹಿಂದಕ್ಕೆ ಕೊಟ್ಟಳು. ಸೋಮವಾರ ಬೆಳಿಗ್ಗೆ ಮುರಗೆಪ್ಪನವರನ್ನು ಕರೆತರುತ್ತೀರಾ ಎಂದು ಆ ಕಡೆಯ ಹುಡುಗಿ ಮರಾಠಿಯಲ್ಲಿ ಕೇಳಿದಳು.

ಚನ್ನವ್ವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಯಾವ ಮಾತು ಯಾವುದಕ್ಕೆ ಎಂದು ಮನಸ್ಸಿನಲ್ಲೇ ಎರಡು ಸಲ ತಿರುವಿ ಹಾಕಿದಳು. ಆಮೇಲೆ ಗಟ್ಟಿಯಾಗಿ ಅಂದಳು: “ಹೋ.”

ಒಳಗಿದ್ದ ಮುರಗೆಪ್ಪ ಗಾಬರಿಯಾಗಿ, ಮತ್ತೆ ಯಾವ ಮಷಿನ್ನು ತರಿಸಿದೆ ಎಂದು ಕೇಳಿದ.

“ನಿಮ್ಮ ಕಣ್ಣ ತರಸಾಕತ್ತೇನಿ, ಸುಮ್ಮನಿರ್ರಿ,” ಎಂದಳು ಚನ್ನವ್ವ. ಹೇಳುತ್ತಿದ್ದ ಹಾಗೆ ಅವಳ ಕಣ್ಣೂ ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಮಾರುವವರ ಕಾಟಕ್ಕೆ ಬೇಸತ್ತು ನಿಮ್ಮ ಫೋನನ್ನೂ ಡಬ್ಬಿಗೆ ಹಾಕಬೇಡಿ, ನಿಮಗೆ ಬೇಕಾದ ಕರೆಯೂ ಅದರಲ್ಲೇ ಬರುತ್ತದೆ. ಇವತ್ತೇ 1909ಕ್ಕೆ ಕರೆ ಮಾಡಿ. ಬೇಡವಾದದ್ದಕ್ಕೆ ‘ಬೇಡ’ ಎಂದು ಬಾಯಿ ತುಂಬ ಹೇಳಿ, ಅರ್ಧ ನುಂಗಬೇಡಿ.