ಒಂಬತ್ತು ನಿಮಿಷದ ಮಾತು

ದಾನಣ್ಣನ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಹಠವಿತ್ತು. ವೈರು ಚುಚ್ಚಿ ಸುಮ್ಮನೆ ಬಿಟ್ಟರೆ ಗುಂಯ್ ಎಂದು ಗುಂಗುಡುತ್ತಿತ್ತು. ಅವನು ತಂತಿಗಳ ಮೇಲೆ ಅಂಗೈ ಇಟ್ಟ ಕೂಡಲೇ ತೆಪ್ಪಗಾಗುತ್ತಿತ್ತು, ಕೈ ತೆಗೆದರೆ ಮತ್ತೆ ಶುರು. ಅಂಥ ಗಿಟಾರುಗಳ ಸ್ವಭಾವವೇ ಹಾಗೆ, ನುಡಿಸುವವನ ಮೈ ತಂತಿಗೆ ತಾಗಿದರೆ ಗುಂಗು ಅಡಗುತ್ತದೆ ಎಂಬುದು ನನಗೆ ಗೊತ್ತಿತ್ತು. ದಾನಣ್ಣನಿಗೂ ಗೊತ್ತಿತ್ತು. ಆದರೂ ಅವನು, "ನಾನು ಪಕ್ಕದಲ್ಲಿದೀನಿ ಅಂತ ಅದಕ್ಕೆ ಗೊತ್ತಾಗ್ಬೇಕು ಕಣೊ, ಅಷ್ಟೆ" ಎನ್ನುತ್ತಿದ್ದ.

ಅವನ ಪೂರ್ತಿ ಹೆಸರು ದಾನಿಯೇಲಪ್ಪ. ನಮ್ಮೂರಿನ ವಾದ್ಯಗೋಷ್ಠಿಯಲ್ಲಿ ಅವನು ಗಿಟಾರು ನುಡಿಸುತ್ತಿದ್ದ, ನಾನು ವೇದಿಕೆಯ ಪಕ್ಕದಲ್ಲಿ ಸೌಂಡ್ ಬೋರ್ಡಿನ ಗುಂಡಿಗಳನ್ನು ತಿರುಗಿಸುತ್ತಿದ್ದೆ. ಮದುವೆ, ಆರತಕ್ಷತೆ, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುವವರು ನಾವು. ನಮ್ಮ ತಂಡದಲ್ಲಿ ಒಂದು ಮಾತಿತ್ತು. ಅದೂ 'ಮಾತು' ಎಂಬ ಮಾತೇ. ಹಾಡಿನ ಚರಣಗಳ ನಡುವೆ ಗಾಯಕ ಉಸಿರು ತೆಗೆದುಕೊಳ್ಳುವಾಗ ಒಂದೇ ವಾದ್ಯ ನುಡಿಯುತ್ತದಲ್ಲ, ಅದಕ್ಕೆ ನಾವು ಮಾತು ಎನ್ನುತ್ತಿದ್ದೆವು. ಮೊದಲನೇ ಮಾತು ಕೊಳಲಿನದು, ಎರಡನೇ ಮಾತು ಗಿಟಾರಿನದು, ಹೀಗೆ. ಹೊರಗಿನವರು ಕೇಳಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ನಮಗೆ ಅದೊಂದು ಹೆಮ್ಮೆ.

ತಂಡ ಒಡೆದ ಮೇಲೆ ನಾನು ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಗೋಡೆಗೆಲ್ಲ ಹಳೆಯ ಕೌದಿ ಹೊಡೆದು, ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು ರೆಕಾರ್ಡಿಂಗ್ ಸ್ಟುಡಿಯೊ ಎಂದು ಬೋರ್ಡು ಬರೆಸಿದೆ. ಬೋರ್ಡು ದೊಡ್ಡದು, ಕೆಲಸ ಸಣ್ಣದು. ಸೀರೆ ಅಂಗಡಿಯ ರಿಯಾಯಿತಿ, ಸರ್ಕಸ್ಸಿನ ಕೊನೆಯ ಮೂರು ದಿನ, ಇಂಥದ್ದನ್ನು ಪ್ರಚಾರದ ಆಟೊಗಳಿಗೆ ಧ್ವನಿಮುದ್ರಿಸಿ ಕೊಡುತ್ತಿದ್ದೆ.

ಅಲ್ಲಿಗೆ ಒಂದು ಬೆಳಿಗ್ಗೆ ದಾನಣ್ಣ ಬಂದ. ಅಷ್ಟು ವರ್ಷಗಳ ಮೇಲೆ ನೋಡಿದ್ದು. ಅಂಗಿಯೊಳಗೆ ಆಳೇ ಇರಲಿಲ್ಲ. ಗಿಟಾರಿನ ಚೀಲವನ್ನು ಮಗುವನ್ನು ಇಳಿಸುವ ಹಾಗೆ ಇಳಿಸಿ, ಡಾಕ್ಟರು ಆರು ತಿಂಗಳು ಅಂದಿದ್ದಾರೆ, ಅದರಲ್ಲಿ ಎರಡು ಮುಗಿಯಿತು ಎಂದು ಬಸ್ಸಿನ ವೇಳೆ ಹೇಳುವವನಂತೆ ಹೇಳಿದ. ಮಗಳು ಎಸ್ತರ್ ಹುಟ್ಟಿದಾಗ ಅವಳ ತೊಟ್ಟಿಲ ಪಕ್ಕ ಕೂತು ಅವನೇ ಕಟ್ಟಿದ ಒಂದು ಧಾಟಿಯಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿ ಅವಳಿಗಾಗಿ ಇಡಬೇಕಂತೆ.

"ಕಾಗದ ಬರೆದ್ರೆ ಒಡೆಯದೆ ವಾಪಸ್ ಕಳಿಸ್ತಾಳೆ. ಇದನ್ನಾದ್ರೂ ಕೇಳ್ತಾಳೇನೊ" ಎಂದ.

ಎಸ್ತರ್ ಅಪ್ಪನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಊರಿಗೆಲ್ಲ ಗೊತ್ತಿತ್ತು. ದಾನಣ್ಣನ ಹೆಂಡತಿ ಸಂಪೂರ್ಣಮ್ಮ ಆಸ್ಪತ್ರೆಯಲ್ಲಿದ್ದಳು. ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಮಗಳನ್ನು ಅಲ್ಲಿ ಕೂರಿಸಿ ಅವನು ಮಧ್ಯಾಹ್ನದ ಒಂದು ಆರತಕ್ಷತೆಗೆ ನುಡಿಸಲು ಬಂದಿದ್ದ. ಅಷ್ಟರಲ್ಲಿ ಸಂಪೂರ್ಣಮ್ಮನಿಗೆ ಜಾಸ್ತಿಯಾಯಿತು. ಎಸ್ತರ್ ಕಲ್ಯಾಣಮಂಟಪಕ್ಕೆ ಫೋನು ಮಾಡಿದಳು. ಹೇಳಿದ್ದೇವಮ್ಮ, ಹೊರಟಿದ್ದಾರೆ ಎಂದು ಉತ್ತರ ಬಂತು. ದಾನಣ್ಣ ಆಸ್ಪತ್ರೆ ಮುಟ್ಟಿದ್ದು ಒಂದು ಗಂಟೆಯ ನಂತರ, ಹೆಗಲ ಮೇಲೆ ಗಿಟಾರು ಹೊತ್ತು. ಹೆಂಡತಿಯ ಮುಖಕ್ಕೆ ಆಗಲೇ ಬಟ್ಟೆ ಮುಚ್ಚಿದ್ದರು. ಸುದ್ದಿ ಗೊತ್ತಾದ ಮೇಲೂ ಹಾಡು ಮುಗಿಸಿ ಬಂದ ಎಂಬುದು ಮಗಳ ಸಿಟ್ಟು. ಆ ದಿನದ ಬಗ್ಗೆ ನನಗೆ ಗೊತ್ತಿದ್ದುದನ್ನು ಮುಂದೆ ಹೇಳುತ್ತೇನೆ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡವನಿಗೆ ಇನ್ನೊಂದು ಪುಟ ಕಷ್ಟವಲ್ಲ.

ಗಿಟಾರಿನ ವೈರಿನ ದಪ್ಪ ಪಿನ್ನು ಕಂಪ್ಯೂಟರಿನ ಸಣ್ಣ ತೂತಿಗೆ ಹೋಗುವುದಿಲ್ಲ. ನಡುವೆ ಒಂದು ಪುಟ್ಟ ಪೆಟ್ಟಿಗೆ ಬೇಕು. ನನ್ನ ಪೆಟ್ಟಿಗೆಗೆ ಇದ್ದದ್ದು ಒಂದೇ ತೂತು, ಅದರಲ್ಲಿ ಮೈಕಿನ ವೈರು ಕೂತಿತ್ತು. ಅದನ್ನು ಕಿತ್ತು, ಮೈಕಿನ ಕಾಲಿಗೇ ಸುತ್ತಿ, ಗಿಟಾರಿನ ವೈರು ಚುಚ್ಚಿದೆ. ಮೈಕನ್ನು ಮಾತ್ರ ಪಕ್ಕಕ್ಕೆ ಸರಿಸಲಿಲ್ಲ. ಅದು ದಾನಣ್ಣನ ಎದುರಿಗೇ, ಬಾಯಿಯ ಮಟ್ಟಕ್ಕೆ ನಿಂತಿತ್ತು.

ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಾಲ್ಕು ಸ್ವರ ಮೀಟಿದವನೇ ಮುಖ ಕಿವುಚಿದ. ಮೀಟಿದ ದನಿ ಕಂಪ್ಯೂಟರಿನೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಚೂರು ತಡವಾಗುತ್ತದೆ. ಆ ತಡವನ್ನು ಕಡಿಮೆ ಮಾಡಲು ನಾನು ಎಷ್ಟು ಒದ್ದಾಡಿದರೂ ಪೂರ್ತಿ ಹೋಗಲಿಲ್ಲ.

"ಬೆರಳು ಈಗ ಹೇಳಿದ್ದು ಕಿವಿಗೆ ಆಮೇಲೆ ಬರ್ತದಲ್ಲೊ" ಎಂದ.

"ಸ್ವಲ್ಪ ತಡ ಇದ್ದೇ ಇರುತ್ತೆ ದಾನಣ್ಣ."

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಇದಿಲ್ಲದೇ ನುಡಿಸುತ್ತೇನೆ, ನೀನು ಹೊರಗಿರು ಎಂದ. ಪರದೆಯ ಮೇಲೆ ಕೆಂಪು ಚುಕ್ಕೆ ತೋರಿಸಿ, ಇದು ಇರುವವರೆಗೂ ಎಲ್ಲ ಇದರಲ್ಲಿ ಬೀಳುತ್ತದೆ ಎಂದೆ. ಬಾಗಿಲು ಎಳೆದುಕೊಳ್ಳುವಾಗ ಅವನು ಕೇಳಿದ:

"ನಡುವೆ ಮಾತು ಹಾಕಬಹುದೇನೊ?"

"ಎಷ್ಟು ಬೇಕಾದ್ರೂ ಹಾಕು" ಎಂದೆ.

ಮೆಟ್ಟಿಲ ಮೇಲೆ ಕೂತು ಎದುರಿನ ಹೋಟೆಲಿನಿಂದ ಟೀ ತರಿಸಿ ಕುಡಿದೆ. ಕೌದಿಯ ಗೋಡೆ ದಾಟಿ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಅವನು ಹೊರಬಂದಾಗ ಕಣ್ಣು ಕೆಂಪಗಿದ್ದವು, ಮುಖ ಮಾತ್ರ ಹಗುರವಾಗಿತ್ತು. ಎಲ್ಲಾ ಬಿತ್ತಾ ನೋಡು ಎಂದ. ಪರದೆಯ ಮೇಲೆ ಗೆರೆಗಳು ಕಾಣಿಸಿದವು, ಬಿತ್ತು ಎಂದೆ. ನನ್ನ ಭುಜದ ಮೇಲೆ ಕೈಯಿಟ್ಟು, ನಾನು ಹೋದ ಮೇಲೆ ಅವಳೇ ಬರುತ್ತಾಳೆ, ಕೊಡು ಎಂದು ಹೇಳಿ ಹೋದ. ಸಂಜೆ ಕೂತು ಕೇಳಿದಾಗ, ಧಾಟಿಯ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂಬತ್ತು ನಿಮಿಷ ಬರೀ ಗುಂಯ್ ಇತ್ತು. ಪಾಪ, ದಣಿದು ಕೂತಿರಬೇಕು ಎಂದುಕೊಂಡು ಅಷ್ಟನ್ನೂ ಕತ್ತರಿಸಿ, ಎರಡು ತುದಿ ಜೋಡಿಸಿ ಚೊಕ್ಕ ಮಾಡಿಟ್ಟೆ. ನನ್ನ ಕೆಲಸದ ಅಚ್ಚುಕಟ್ಟಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು.

ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ದಾನಣ್ಣ ತೀರಿಕೊಂಡ. ಮೂರು ವಾರದ ಮೇಲೆ ಎಸ್ತರ್ ಬಂದಳು, ಅಪ್ಪನ ಗಿಟಾರು ಹೊತ್ತುಕೊಂಡು. ಅವನ ಬೈಬಲ್ಲಿನೊಳಗೆ ಸಿಕ್ಕಿದ ಚೀಟಿಯನ್ನು ನನಗೆ ಕೊಟ್ಟಳು. ಮೇಲೆ ನನ್ನ ಸ್ಟುಡಿಯೊದ ವಿಳಾಸ, ಕೆಳಗೆ ಎರಡೇ ಸಾಲು: 'ಹೇಳಬೇಕಾದ್ದನ್ನೆಲ್ಲ ಅಲ್ಲಿ ಹೇಳಿದ್ದೇನೆ ಮಗಳೆ. ಹೋಗಿ ಕೇಳು.'

ಕೇಳಿಸಿದೆ. ತೊಟ್ಟಿಲ ಧಾಟಿ ಎರಡು ಸಲ ಬಂದು ಮುಗಿಯಿತು. ಅವಳು ಇನ್ನೂ ಕಾಯುತ್ತಲೇ ಇದ್ದಳು.

"ಮಾತೆಲ್ಲಿ ಮಾಮ?"

ಆಗ ನನಗೆ ಹೊಳೆಯಿತು. ಅವನು ಕೇಳಿದ್ದು ನಮ್ಮ ತಂಡದ ಮಾತನ್ನಲ್ಲ, ಲೋಕದವರೆಲ್ಲ ಆಡುವ ಮಾತನ್ನು. ಒಂಬತ್ತು ನಿಮಿಷ ಅವನು ಆ ಮೈಕಿಗೆ ಬಾಯಿ ಕೊಟ್ಟು ಮಗಳ ಜೊತೆ ಮಾತಾಡಿದ್ದ. ಗಿಟಾರಿನ ವೈರಿಗೆ ತಂತಿಯ ಅಲುಗಾಟ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೈಕು ಇನ್ನೂ ಅಲ್ಲೇ ನಿಂತಿತ್ತು. ಒಂದು ವಾರದಿಂದ ಆಟೊದ ಕೆಲಸ ಬಂದಿರಲಿಲ್ಲ, ವೈರು ಅವತ್ತಿನ ಹಾಗೆಯೇ ಕಾಲಿಗೆ ಸುತ್ತಿತ್ತು.

ಕತ್ತರಿಸದ ಮೂಲ ಉಳಿದಿತ್ತು. ತೆಗೆದು ಹಾಕಿದೆ, ಆದದ್ದನ್ನು ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಗುಂಯ್ ಎನ್ನುವುದನ್ನು ತಲೆ ತಗ್ಗಿಸಿ ಕೇಳುತ್ತ ಕೂತಳು. ನಿಜ ಹೇಳಬೇಕೆಂದರೆ, ಆಗ ನನ್ನ ಒಳಗೆ ಎಲ್ಲೋ ಒಂದು ಕಡೆ ಸಮಾಧಾನವಾಯಿತು. ಬದುಕಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಬಂದ ಹೇಸಿಗೆಯನ್ನು ಇವತ್ತಿಗೂ ಮರೆತಿಲ್ಲ.

"ಅವತ್ತು ಮಂಟಪದಲ್ಲಿ ಫೋನ್ ಎತ್ತಿದ್ದು ನಾನು ಎಸ್ತರ್" ಎಂದೆ. "ಹೇಳಿದ್ದೇವೆ, ಹೊರಟಿದ್ದಾರೆ ಅಂದದ್ದೂ ನಾನೇ. ನಿಮ್ಮಪ್ಪನಿಗೆ ಹೇಳಿರ್ಲಿಲ್ಲ."

ಉಳಿದದ್ದನ್ನು ತೊದಲುತ್ತ ಹೇಳಿದೆ. ಮುಂದಿನ ಹಾಡು ಹೆಣ್ಣಿನ ಕಡೆಯವರು ಕೇಳಿದ್ದು, ಗಿಟಾರಿಲ್ಲದೆ ಅದು ಏಳುತ್ತಿರಲಿಲ್ಲ. ಅದೊಂದು ಮುಗಿಯಲಿ ಎಂದುಕೊಂಡೆ. ಒಂದು ಹೋಗಿ ನಾಲ್ಕಾಯಿತು. ಕೊನೆಗೆ ಹೇಳಿದಾಗ ದಾನಣ್ಣ, ಯಾವಾಗ ಬಂತು ಫೋನು ಎಂದು ಕೇಳಿದ. ಈಗಷ್ಟೆ ಎಂದೆ.

ಎಸ್ತರ್ ತಲೆಯೆತ್ತಿ ನನ್ನನ್ನೇ ನೋಡಿದಳು.

"ಆ ದನಿ ಹನ್ನೊಂದು ವರ್ಷದಿಂದ ಕಿವೀಲಿದೆ" ಎಂದಳು. "ನಿಮ್ದು ಅಂತ ಗೊತ್ತಾಗ್ಲಿಲ್ಲ. ಅಪ್ಪನಿಗೆ ಗೊತ್ತಿತ್ತಾ?"

ಗೊತ್ತಿತ್ತು. ಸಂಪೂರ್ಣಮ್ಮನನ್ನು ಮಣ್ಣು ಮಾಡಿದ ಮೂರನೇ ದಿನ ಮಂಟಪದ ಮ್ಯಾನೇಜರು ಫೋನು ಬಂದ ಹೊತ್ತನ್ನು ಅವನ ಮುಂದೆ ಬಾಯ್ತಪ್ಪಿ ಆಡಿಬಿಟ್ಟಿದ್ದ. ದಾನಣ್ಣ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಹೆಂಡಿರು ಮಕ್ಕಳಿರುವವನು, ಊರಿನಲ್ಲಿ ತಲೆಯೆತ್ತಲಾರದೆ ಹೋಗುತ್ತಾನೆ ಎಂದು ನನ್ನನ್ನು ಉಳಿಸಿದನೋ, ಅಥವಾ ಅವತ್ತು ನುಡಿಸಲು ಹೋದದ್ದೇ ತನ್ನ ತಪ್ಪು ಎಂದುಕೊಂಡನೋ. ಆ ಒಂಬತ್ತು ನಿಮಿಷದಲ್ಲಿ ನನ್ನ ಹೆಸರು ಇತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಇರಲಿಲ್ಲ ಎಂದೇ ಅನ್ನಿಸುತ್ತದೆ.

"ನಡುವೆ ಮೂರು ಸಲ ಸದ್ದು ನಿಲ್ತದಲ್ಲ, ಯಾಕೆ?" ಎಂದಳು. ಅದು ನಿಮ್ಮಪ್ಪ ತಂತಿಯ ಮೇಲೆ ಕೈಯಿಟ್ಟದ್ದು ಎಂದೆ. ಅವಳು ಆ ಜಾಗಕ್ಕೆ ವಾಪಸ್ ಹಾಕಿಸಿದಳು. ಗುಂಯ್, ಆಮೇಲೆ ಏನೂ ಇಲ್ಲ, ಮತ್ತೆ ಗುಂಯ್. ಆ ಮೂರು ಜಾಗಗಳನ್ನು ಎರಡೆರಡು ಸಲ ಕೇಳಿದಳು. ಆಗ ಅವಳ ಕಣ್ಣು ತುಂಬಿದವು.

ಆಮೇಲೆ ಚೀಲದಿಂದ ಗಿಟಾರು ತೆಗೆದು, ಇದಕ್ಕೆ ಅವತ್ತಿನ ಹಾಗೇ ಕನೆಕ್ಷನ್ ಕೊಡಿ ಎಂದಳು. ಕೊಟ್ಟೆ. ಸ್ಪೀಕರಿನಿಂದ ಗುಂಗು ಎದ್ದು ಕೋಣೆ ತುಂಬಿತು. ಪಕ್ಕದ ಅಂಗಡಿಯಿಂದ ಇನ್ನೊಂದು ಪೆಟ್ಟಿಗೆ ತರುತ್ತೇನೆ, ಮೈಕೂ ಹಾಕುತ್ತೇನೆ ಎಂದು ಅದರ ಕಾಲಿಗೆ ಸುತ್ತಿದ್ದ ವೈರನ್ನು ಬಿಚ್ಚಲು ಹೋದೆ.

"ಮೈಕು ಬೇಡ. ಅಪ್ಪಂಗೆ ಇದ್ದ ಹಾಗೇ ಇರ್ಲಿ" ಎಂದಳು. "ನೀವು ಹೊರಗಿರಿ."

ಮಾಮ ಎನ್ನಲಿಲ್ಲ. ಮುಂದೆಂದೂ ಹಾಗೆ ಕರೆಯಲಿಲ್ಲ, ನಾನು ಅದನ್ನು ಕೇಳಿಕೊಳ್ಳಲೂ ಇಲ್ಲ. ಬಾಗಿಲು ಪೂರ್ತಿ ಎಳೆಯಲು ಕೈ ಬರದೆ, ಬೆರಳಗಲ ಬಿಟ್ಟು ಅದೇ ಮೆಟ್ಟಿಲ ಮೇಲೆ ಕೂತೆ. ಒಳಗೆ ಅವಳು ಮೆಲ್ಲಗೆ ಏನೋ ಹೇಳುತ್ತಿದ್ದಳು. ಗುಂಗಿನಲ್ಲಿ ಮುಳುಗಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ದನಿ ನಿಂತಿತು, ಹಿಂದೆಯೇ ಗುಂಗು ನಿಂತಿತು. ಮತ್ತೆ ಶುರುವಾಗುತ್ತದೆಂದು ನಾನು ಕಾದೆ. ಎದುರಿನ ಹೋಟೆಲಿನವನು ಟೀ ತಂದಿಟ್ಟು ಹೋದ, ಅದು ಆರಿ ಕೆನೆ ಕಟ್ಟಿತು. ಒಳಗೆ ಕೈ ತಂತಿಯ ಮೇಲೆಯೇ ಇತ್ತು.